ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರು

ಅಹಮದಾಬಾದಿನಿಂದ ಸೂರತ್ತಿನ ಕ್ಲೈಂಟ್ ಆಫೀಸಿಗೆ ಹೋಗಿಬರುವಾಗ ವಡೋದರಾ ಸ್ಟೇಷನ್ನಿನಲ್ಲಿ ರೈಲ್ವೆ ಪೊಲೀಸರು ಅಂಟಿಸಿದ ಚೀಟಿಯೊಂದು ಕಣ್ಣಿಗೆ ಬಿತ್ತು. 'ಬಿನ್‌ವಾರಸಿ ಲಾಶ್'. ಅಂದಾಜು ವಯಸ್ಸು, ಎತ್ತರ, ಅಂಗಿಯ ಬಣ್ಣ, ಮಸುಕಾದ ಫೋಟೋ. ವಾರಸು ನಮ್ಮ ಕನ್ನಡದಲ್ಲೂ ಇರುವ ಪದವೇ. ಆದರೆ ಇಲ್ಲಿ ಅದು ಆಸ್ತಿಗಲ್ಲ, ದೇಹಕ್ಕೆ ಬೇಕಾಗಿತ್ತು. ಆ ಚೀಟಿ ನೋಡಿದಾಗ ನನಗೆ ನೆನಪಾದದ್ದು ಊರ ಕಡೆಯ ಒಂದು ಪ್ರಕರಣ.

2003ರಿಂದ 2009ರವರೆಗೆ ಮೈಸೂರು, ಬೆಂಗಳೂರು, ಹಾಸನ, ಮಡಿಕೇರಿ ಮುಂತಾದ ಕಡೆ ಬಸ್ ಸ್ಟ್ಯಾಂಡಿನ ಶೌಚಾಲಯಗಳಲ್ಲಿ ಒಬ್ಬೊಬ್ಬರಾಗಿ ಹೆಣ್ಣುಮಕ್ಕಳು ಸತ್ತು ಬಿದ್ದಿದ್ದರು. ಒಳ್ಳೆಯ ಸೀರೆ ಉಟ್ಟಿದ್ದರು, ಮೈಮೇಲೆ ಚಿನ್ನವಿರಲಿಲ್ಲ. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಠಾಣೆಯವರು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ ಬರೆದರು. ಆತ್ಮಹತ್ಯೆ ಇರಬೇಕು ಅಂದುಕೊಂಡರು. ಯಾರೂ ಹುಡುಕಿಕೊಂಡು ಬರಲಿಲ್ಲ. ಅಪರಿಚಿತ ಮಹಿಳೆ ಎಂದು ಮಣ್ಣು ಮಾಡಿದರು.

ಅದೇ ಹೊತ್ತಿಗೆ ಘಟ್ಟದ ಕೆಳಗೆ ದಕ್ಷಿಣ ಕನ್ನಡ, ಕಾಸರಗೋಡಿನ ಬಡ ಮನೆಗಳಲ್ಲಿ ಮಗಳು ಯಾರೊಂದಿಗೋ ಹೋಗಿ ಮದುವೆಯಾಗಿದ್ದಾಳೆ ಎಂಬ ನಂಬಿಕೆ. ವರದಕ್ಷಿಣೆಗೆ ದುಡ್ಡಿಲ್ಲ, ವಯಸ್ಸು ಮೀರುತ್ತಿದೆ, ಯಾರೋ ಮೇಷ್ಟ್ರಂತೆ, ಬರಿಗೈಯಲ್ಲೇ ಒಪ್ಪಿಕೊಂಡನಂತೆ. ಪೊಲೀಸರ ಬಳಿ ಹೋದರೆ ಮಾನ ಹೋಗುತ್ತದೆ. ಎಷ್ಟೋ ಮನೆಯವರು ದೂರನ್ನೇ ಕೊಟ್ಟಿರಲಿಲ್ಲ.

ನಾನು ಬದುಕುವುದೇ ಡೇಟಾಬೇಸ್ ನಂಬಿಕೊಂಡು. ನನ್ನ ಕಣ್ಣಿಗೆ ಇವು ಎರಡು ಟೇಬಲ್ಲುಗಳು. ಒಂದರಲ್ಲಿ ಹೆಸರಿದೆ, ದೇಹವಿಲ್ಲ. ಇನ್ನೊಂದರಲ್ಲಿ ದೇಹವಿದೆ, ಹೆಸರಿಲ್ಲ. ಎರಡನ್ನೂ ಜೋಡಿಸುವ ಕೀ ಯಾರ ಬಳಿಯೂ ಇಲ್ಲ. ಮೊದಲನೆಯದಂತೂ ಅರ್ಧಕ್ಕರ್ಧ ಖಾಲಿ. ದೇಶದ ಠಾಣೆಗಳನ್ನೆಲ್ಲ ಒಂದೇ ಜಾಲಕ್ಕೆ ತರುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2009ರ ಜೂನ್‌ನಲ್ಲಿ.

ಬಂಟ್ವಾಳ ತಾಲೂಕಿನ ಬರಿಮಾರಿನ ಯುವತಿ ಕಾಣೆಯಾಗಿದ್ದೂ ಅದೇ ಜೂನ್‌ನಲ್ಲೇ. ಅನ್ಯಧರ್ಮದ ಹುಡುಗನ ಜೊತೆ ಓಡಿಹೋಗಿದ್ದಾಳೆ ಎಂಬ ಗುಲ್ಲೆದ್ದು ಜನ ಪ್ರತಿಭಟನೆಗೆ ಇಳಿದರು. ಆ ಒತ್ತಡಕ್ಕೆ ಪೊಲೀಸರು ಅವಳ ಫೋನ್ ಕರೆಗಳ ಜಾಡು ಹಿಡಿದರು. ಒಂದು ಸುಳ್ಳು ಗುಲ್ಲು ಇಪ್ಪತ್ತು ಸಾವುಗಳ ಬಾಗಿಲು ತೆರೆಸಿತು ಅನ್ನುವುದು ಈಗಲೂ ನನಗೆ ಅರಗದ ಮಾತು. ಗುಲ್ಲೇಳದ ಮನೆಗಳ ಹೆಣ್ಣುಮಕ್ಕಳನ್ನು ಆರು ವರ್ಷ ಯಾರೂ ಹುಡುಕಲಿಲ್ಲ. ಕರೆಗಳ ದಾರಿ ಕಾಣೆಯಾದ ಬೇರೆ ಹೆಣ್ಣುಮಕ್ಕಳ ಕಡೆಗೂ ಹೋಯಿತು. ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದವನು ಮೋಹನ್ ಕುಮಾರ್, ಪ್ರಾಥಮಿಕ ಶಾಲೆಯ ಮಾಜಿ ಶಿಕ್ಷಕ. ಮದುವೆಯಾಗುತ್ತೇನೆಂದು ಕರೆದೊಯ್ದು ಲಾಡ್ಜಿನಲ್ಲಿ ಉಳಿದು, ಬೆಳಿಗ್ಗೆ ಒಡವೆ ರೂಮಿನಲ್ಲೇ ಬಿಡಿಸಿ, ಬಸರು ನಿಲ್ಲದ ಮಾತ್ರೆ ಎಂದು ಸೈನೈಡ್ ಕೊಡುತ್ತಿದ್ದ. ಶೌಚಾಲಯಕ್ಕೆ ಹೋಗಿ ನುಂಗು ಎನ್ನುತ್ತಿದ್ದ. ಚಿಲಕ ಒಳಗಿನಿಂದ ಬೀಳುತ್ತಿದ್ದದ್ದು ಹೀಗೆ.

ಆಮೇಲೆ ಶುರುವಾಗಿದ್ದೇ ನಿಜವಾದ ಗುರುತು ಹಿಡಿಯುವ ಕೆಲಸ. ಊರೂರಿನ ಠಾಣೆಗಳಿಂದ ಮುಚ್ಚಿಹೋಗಿದ್ದ ಹಳೆಯ ಕಡತಗಳು ಹೊರಬಂದವು. ಮೈಸೂರಿನ ಲಷ್ಕರ್ ಮೊಹಲ್ಲಾ ಬಸ್ ನಿಲ್ದಾಣದ ಎಂಟು ಸಾವು, ಬೆಂಗಳೂರಿನ ಐದು. ದೇಹ ಎಂದೋ ಮಣ್ಣಾಗಿತ್ತು. ಉಳಿದದ್ದು ಅಂದು ಯಾರೋ ಪೇದೆ ನಿಂತು ತೆಗೆಸಿದ ಫೋಟೋ, ವರದಿಯಲ್ಲಿ ಬರೆದಿಟ್ಟ ವಿವರ, ಆರೋಪಿಯಿಂದ ವಶವಾದ ಒಡವೆ. ಅದನ್ನು ಹಿಡಿದು ಅಮ್ಮಂದಿರು, ತಂಗಿಯರು ಇದು ನಮ್ಮವಳೇ ಅಂದರು. ಗಂಡನ ಮನೆಯಲ್ಲಿ ಸುಖವಾಗಿರಬಹುದು ಅಂದುಕೊಂಡಿದ್ದ ಮಗಳನ್ನು ಠಾಣೆಯ ಫೋಟೋದಲ್ಲಿ ನೋಡಿದರು.

ಕಳೆದ ವರ್ಷ, 2025ರ ಜೂನ್ 12ರಂದು ನಮ್ಮ ಅಹಮದಾಬಾದಿನಲ್ಲಿ ವಿಮಾನ ಬಿದ್ದು 260 ಮಂದಿ ತೀರಿಕೊಂಡಾಗ ಹೆಚ್ಚಿನವರ ಗುರುತು ಸಿಕ್ಕಿದ್ದು ಡಿಎನ್‌ಎಯಿಂದ. ತಿಂಗಳು ಮುಗಿಯುವುದರೊಳಗೆ ಎಲ್ಲರಿಗೂ ಹೆಸರು ಬಂತು. ಅಲ್ಲಿ ಪ್ರಯಾಣಿಕರ ಪಟ್ಟಿಯಿತ್ತು, ರಕ್ತ ಕೊಡಲು ಬಂಧುಗಳು ಸಾಲುಗಟ್ಟಿದ್ದರು. ಡಿಎನ್‌ಎ ಹೆಸರನ್ನು ಹುಟ್ಟಿಸುವುದಿಲ್ಲ, ಎದುರಿಗೆ ಬಂದವರ ಜೊತೆ ತಾಳೆ ನೋಡುತ್ತದೆ ಅಷ್ಟೇ. ಸೂರತ್ತಿನ ಮಗ್ಗಗಳಿಗೆ ಗಂಜಾಮ್‌ನಿಂದ ಬಂದ ಹುಡುಗನೊಬ್ಬ ಹಳಿಯ ಪಕ್ಕ ಬಿದ್ದಿದ್ದರೆ ತಾಳೆ ನೋಡಲು ಯಾರನ್ನು ಕರೆಯುವುದು?

ಮಂಗಳೂರಿನ ನ್ಯಾಯಾಲಯದಲ್ಲಿ ಮೊದಲ ಮರಣದಂಡನೆ ಬಂದದ್ದು 2013ರ ಡಿಸೆಂಬರ್‌ನಲ್ಲಿ. ಮುಂದೆ ಹೈಕೋರ್ಟಿನಲ್ಲಿ ಬರಿಮಾರಿನ ಪ್ರಕರಣದ ಶಿಕ್ಷೆ ಸಾಯುವತನಕ ಜೀವಾವಧಿಯಾಯಿತು. ಕಟ್ಟಕಡೆಯ, ಇಪ್ಪತ್ತನೆಯ ಪ್ರಕರಣ ಕಾಸರಗೋಡಿನ ಯುವತಿಯದು. ಅವಳು ಸತ್ತದ್ದು 2009ರಲ್ಲಿ, ಬೆಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ. ತೀರ್ಪು ಬಂದಾಗ 2020ರ ಜೂನ್ ಆಗಿತ್ತು.