ಕಾರಿನಲ್ಲಿ ಮಕ್ಕಳ ಸುರಕ್ಷತೆ: ಕಾನೂನು, ಆಸನದ ಆಯ್ಕೆ ಮತ್ತು ಪಾಲಕರ ಹೊಣೆ

ಬೇಸಿಗೆಯ ರಜೆ ಬಂತೆಂದರೆ ಹೊರನಾಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಊರಿನ ದಾರಿ ಹಿಡಿಯುವುದು ವಾಡಿಕೆ. ಹಿಂದೆ ರೈಲು ಹಾಗೂ ರಾತ್ರಿ ಬಸ್ಸುಗಳನ್ನೇ ನೆಚ್ಚಿಕೊಂಡಿದ್ದ ನಮ್ಮಲ್ಲಿ ಅನೇಕರು ಇಂದು ಮುಂಬಯಿ, ಪುಣೆಗಳಿಂದ ಸ್ವಂತ ಕಾರಿನಲ್ಲಿ ಹೊರಟು, ರಾಷ್ಟ್ರೀಯ ಹೆದ್ದಾರಿ 48ರ ಮೂಲಕ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗಳನ್ನು ದಾಟಿ ಮನೆ ಸೇರುತ್ತೇವೆ. ರಸ್ತೆ ಅಗಲವಾಗಿದೆ, ವೇಗ ಹೆಚ್ಚಿದೆ. ಆದರೆ ಮಗು ಮಾತ್ರ ಇನ್ನೂ ತಾಯಿಯ ಅಥವಾ ಅಜ್ಜಿಯ ಮಡಿಲಲ್ಲಿಯೇ ಕುಳಿತಿರುತ್ತದೆ. ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ, ಪಾಲಕರು ಏನನ್ನು ತಿಳಿದಿರಬೇಕು ಎಂಬುದನ್ನು ಇಲ್ಲಿ ಸಂಗ್ರಹವಾಗಿ ನೀಡುತ್ತಿದ್ದೇವೆ.

ಮಡಿಲು ಏಕೆ ಸಾಲದು?

ಮನೆಯಲ್ಲಿ ತಾಯಿಯ ಮಡಿಲಿಗಿಂತ ಸುರಕ್ಷಿತವಾದ ತಾಣ ಬೇರೊಂದಿಲ್ಲ. ಓಡುವ ಕಾರಿನಲ್ಲಿ ಈ ಮಾತು ನಿಲ್ಲುವುದಿಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ನಿಂತರೆ, ಒಳಗಿರುವವರಿಗೆ ಆಗುವ ಆಘಾತ ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೆಯ ಮಹಡಿಯಿಂದ ಬಿದ್ದುದಕ್ಕೆ ಸಮಾನ. ಕಾರು ಅರ್ಧ ಮೀಟರ್ ಅಂತರದಲ್ಲಿ ನಿಂತಿತೆನ್ನೋಣ. ಆಗ 10 ಕಿಲೋ ತೂಕದ ಮಗುವನ್ನು ಹಿಡಿದಿಡಲು ಸುಮಾರು 200 ಕಿಲೋ ಭಾರ ಎತ್ತುವಷ್ಟು ಬಲ ಬೇಕು. ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಎಷ್ಟೇ ಮಮತೆಯಿದ್ದರೂ ಮನುಷ್ಯರ ತೋಳುಗಳಿಗೆ ಇದು ಸಾಧ್ಯವಿಲ್ಲ. ಬೆಲ್ಟ್ ಧರಿಸದ ಹಿರಿಯರ ಮಡಿಲಲ್ಲಿ ಮಗುವಿದ್ದರೆ ಅಪಾಯ ಇನ್ನೂ ಹೆಚ್ಚು. ಮುಂದಕ್ಕೆ ಎಸೆಯಲ್ಪಡುವ ಹಿರಿಯರ ದೇಹದ ಭಾರವೇ ಮಗುವಿನ ಮೇಲೆ ಬೀಳುತ್ತದೆ. ಒಂದೇ ಬೆಲ್ಟನ್ನು ಇಬ್ಬರಿಗೂ ಸುತ್ತುವುದು ಸಹ ಇದೇ ಕಾರಣಕ್ಕೆ ಅಪಾಯಕರ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರು. ಸೀಟ್ ಬೆಲ್ಟ್ ಧರಿಸದೆ ಸತ್ತವರು 16,715 ಮಂದಿ. ಇವರಲ್ಲಿ 8,331 ಮಂದಿ ಪ್ರಯಾಣಿಕರು. ಅದೇ ವರ್ಷದ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿಯವರು ಪಾಲ್ಘರ್ ಜಿಲ್ಲೆಯಲ್ಲಿ ಇದೇ 48ನೆಯ ಹೆದ್ದಾರಿಯ ಮೇಲೆ ಕಾರಿನ ಹಿಂದಿನ ಆಸನದಲ್ಲಿ ಕುಳಿತಿದ್ದಾಗ ನಿಧನರಾದರು. ಅವರು ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಅನಂತರ ನವೆಂಬರ್‌ನಲ್ಲಿ ಮುಂಬಯಿ ಸಂಚಾರ ಪೊಲೀಸರು ಕಾರಿನ ಎಲ್ಲ ಪ್ರಯಾಣಿಕರೂ ಬೆಲ್ಟ್ ಧರಿಸಬೇಕೆಂಬ ನಿಯಮವನ್ನು ಬಿಗಿಗೊಳಿಸಿದರು. ಹಿಂದಿನ ಆಸನ ತಾನಾಗಿಯೇ ಸುರಕ್ಷಿತವೆಂಬ ನಂಬಿಕೆಗೆ ಆಧಾರವಿಲ್ಲ.

ಕಾನೂನು ಏನು ಹೇಳುತ್ತದೆ?

2019ರ ಮೋಟಾರು ವಾಹನಗಳ ತಿದ್ದುಪಡಿ ಅಧಿನಿಯಮದ ಮೂಲಕ ಮೂಲ ಕಾಯ್ದೆಗೆ 194ಬಿ ಎಂಬ ಕಲಮು ಸೇರಿತು. ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು. ಇದರ ಎರಡನೆಯ ಉಪಕಲಮಿನಂತೆ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನದಿಂದ ಭದ್ರಪಡಿಸದೆ ವಾಹನ ಚಲಾಯಿಸುವವರಿಗೆ, ಹಾಗೆ ಚಲಾಯಿಸಲು ಬಿಡುವವರಿಗೆ 1,000 ರೂಪಾಯಿ ದಂಡವಿದೆ. ಇದು ಕೇಂದ್ರ ಕಾನೂನಾದುದರಿಂದ ಮಹಾರಾಷ್ಟ್ರ, ದೆಹಲಿ, ತಮಿಳುನಾಡು, ತೆಲಂಗಾಣ, ಕರ್ನಾಟಕವೆನ್ನದೆ ಎಲ್ಲ ರಾಜ್ಯಗಳ ರಸ್ತೆಗಳಲ್ಲಿಯೂ ಇರುವ ನಿಯಮ.

ಇಲ್ಲಿ ಪಾಲಕರು ಒಂದು ಅಂಶವನ್ನು ಗಮನಿಸಬೇಕು. ಕಲಮು ‘ಬೆಲ್ಟ್ ಅಥವಾ ಆಸನ’ ಎನ್ನುತ್ತದೆ. ಯಾವ ವಯಸ್ಸಿಗೆ ಯಾವುದು ಎಂದು ವಿಂಗಡಿಸುವುದಿಲ್ಲ. ಎರಡು ವರ್ಷದ ಮಗುವಿಗೆ ದೊಡ್ಡವರ ಬೆಲ್ಟ್ ಹಾಕಿದರೆ ಕಾನೂನಿನ ಅಕ್ಷರ ಪಾಲನೆಯಾದಂತೆ ತೋರಬಹುದು. ಆದರೆ ಆ ಬೆಲ್ಟ್ ಮಗುವಿನ ಕುತ್ತಿಗೆಯ ಮೇಲೂ ಮೃದುವಾದ ಹೊಟ್ಟೆಯ ಮೇಲೂ ಹಾಯುವುದರಿಂದ ಅಪಘಾತದಲ್ಲಿ ಅದೇ ಗಾಯಕ್ಕೆ ಕಾರಣವಾಗಬಲ್ಲದು. ಬ್ರಿಟನ್ನಿನಲ್ಲಿ 12 ವರ್ಷ ಅಥವಾ 135 ಸೆಂ.ಮೀ. ಎತ್ತರದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಮಕ್ಕಳ ಆಸನ ಕಡ್ಡಾಯವಾಗಿರುವುದು ಇದೇ ಕಾರಣಕ್ಕೆ. ಮೊಮ್ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ಹಿರಿಯರು ಇದನ್ನು ನೆನಪಿಡಬೇಕು.

ದ್ವಿಚಕ್ರ ವಾಹನಗಳಿಗೂ ನಿಯಮವಿದೆ. 2022ರ ಫೆಬ್ರವರಿಯಲ್ಲಿ ಪ್ರಕಟವಾಗಿ, ಒಂದು ವರ್ಷದ ನಂತರ ಜಾರಿಗೆ ಬಂದ ಕೇಂದ್ರ ನಿಯಮದಂತೆ, 4 ವರ್ಷದೊಳಗಿನ ಮಗುವನ್ನು ಚಾಲಕರಿಗೆ ಕಟ್ಟುವ ಸುರಕ್ಷಾ ಪಟ್ಟಿಯಿಂದ ಭದ್ರಪಡಿಸಬೇಕು. 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಅಳತೆಗೆ ತಕ್ಕ ಹೆಲ್ಮೆಟ್ ತೊಡಿಸಬೇಕು. ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. 4 ವರ್ಷ ದಾಟಿದವರೆಲ್ಲರಿಗೂ ಹೆಲ್ಮೆಟ್ ಕಡ್ಡಾಯ.

ಆಸನಗಳ ವಿಧ ಮತ್ತು ಆಯ್ಕೆ

ಭಾರತದಲ್ಲಿ ಮಕ್ಕಳ ಆಸನಗಳಿಗೆ ಎ.ಐ.ಎಸ್. 072 ಎಂಬ ಮಾನದಂಡವಿದೆ. ಯುರೋಪಿನ ಮಾನದಂಡಗಳಾದ ಆರ್ 44 ಹಾಗೂ ಅದರ ನಂತರದ ಆರ್ 129 ಗುರುತಿನ ಆಸನಗಳೂ ದೊರೆಯುತ್ತವೆ. ಯಾವ ಗುರುತೂ ಇಲ್ಲದ ಬಟ್ಟೆಯ ಪಟ್ಟಿ, ದಿಂಬುಗಳನ್ನು ಅಗ್ಗವೆಂದು ಕೊಳ್ಳಬಾರದು. ಸ್ಥೂಲವಾಗಿ ವಿಧಗಳು ಹೀಗಿವೆ:

1. ಹಿಮ್ಮುಖ ಆಸನ: ಹುಟ್ಟಿದಂದಿನಿಂದ ಸುಮಾರು 13 ಕಿಲೋವರೆಗೆ, ದೊಡ್ಡ ಮಾದರಿಗಳು ಇನ್ನೂ ಹೆಚ್ಚು ತೂಕಕ್ಕೆ ಆಗುತ್ತವೆ. ಶಿಶುವಿನ ತಲೆ ಭಾರ, ಕತ್ತು ಎಳೆಯದು. ಹಿಮ್ಮುಖವಾಗಿದ್ದರೆ ಆಘಾತ ಬೆನ್ನಿನ ಉದ್ದಕ್ಕೂ ಹಂಚಿಹೋಗುತ್ತದೆ. ಆರ್ 129ರ ಪ್ರಕಾರ ಕನಿಷ್ಠ 15 ತಿಂಗಳವರೆಗೆ ಇದು ಕಡ್ಡಾಯ. ಆಸನದ ಮಿತಿ ಇರುವಷ್ಟು ಕಾಲವೂ ಹಿಮ್ಮುಖವಾಗಿಯೇ ಕೂರಿಸುವುದು ಉತ್ತಮವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಸೂಚಿಸಿತು.

2. ಮುಮ್ಮುಖ ಆಸನ: ಸುಮಾರು 9ರಿಂದ 18 ಕಿಲೋವರೆಗೆ. ಸಾಮಾನ್ಯವಾಗಿ ಐದು ಕಡೆ ಹಿಡಿಯುವ ಪಟ್ಟಿ ಇರುತ್ತದೆ.

3. ಬೂಸ್ಟರ್ ಆಸನ: 15ರಿಂದ 36 ಕಿಲೋವರೆಗೆ. ಇದು ಮಗುವನ್ನು ಎತ್ತರಿಸಿ, ಕಾರಿನ ಬೆಲ್ಟ್ ಭುಜ ಹಾಗೂ ಸೊಂಟದ ಮೂಳೆಯ ಮೇಲೆ ಸರಿಯಾಗಿ ಹಾಯುವಂತೆ ಮಾಡುತ್ತದೆ. ಸುಮಾರು 145 ಸೆಂ.ಮೀ. ಎತ್ತರ ಬರುವವರೆಗೂ ಇದರ ಅಗತ್ಯವಿದೆ.

ಕೊಳ್ಳುವ ಮುನ್ನ ನಿಮ್ಮ ಕಾರಿನಲ್ಲಿಯೇ ಆಸನವನ್ನು ಇಟ್ಟು ನೋಡಿ. ಹಿಂದಿನ ಸೀಟಿನ ಸಂದಿಯಲ್ಲಿ ಐಸೋಫಿಕ್ಸ್ ಎಂಬ ಲೋಹದ ಕೊಂಡಿಗಳಿದ್ದರೆ ಅಳವಡಿಕೆ ಸುಲಭ, ತಪ್ಪುಗಳೂ ಕಡಿಮೆ. ಹೊಸ ಕಾರು ಕೊಳ್ಳುವವರು ಭಾರತ್ ಎನ್‌ಕ್ಯಾಪ್ ಫಲಿತಾಂಶದಲ್ಲಿ ಮಕ್ಕಳ ಸುರಕ್ಷತೆಗೆ 49ಕ್ಕೆ ಎಷ್ಟು ಅಂಕ ಬಂದಿದೆಯೆಂಬುದನ್ನು ಪ್ರತ್ಯೇಕವಾಗಿ ನೋಡಬೇಕು. ಈ ಪರೀಕ್ಷಾ ವ್ಯವಸ್ಥೆ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ.

ತೊಟ್ಟಿಲನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುವುದು ನಮ್ಮ ಮನೆಗಳ ಸಂಪ್ರದಾಯ. ಕಾರಿನ ಆಸನಕ್ಕೆ ಇದು ಸಲ್ಲದು. ಪ್ಲಾಸ್ಟಿಕ್ ಹಳತಾಗುತ್ತದೆ, ಅಪಘಾತಕ್ಕೀಡಾದ ಆಸನ ಹೊರನೋಟಕ್ಕೆ ಸರಿಯಿದ್ದರೂ ಒಳಗೆ ಬಿರುಕು ಬಿಟ್ಟಿರಬಹುದು. ಪೂರ್ವಚರಿತ್ರೆ ತಿಳಿಯದ ಹಳೆಯ ಆಸನವನ್ನು ಬಳಸಬೇಡಿ.

ಮರೆಯಬಾರದ ಸೂಚನೆಗಳು

* ಮಕ್ಕಳ ಸ್ಥಾನ ಹಿಂದಿನ ಸೀಟು. ಏರ್‌ಬ್ಯಾಗ್ ಚಾಲನೆಯಲ್ಲಿರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಆಸನವನ್ನು ಎಂದಿಗೂ ಇಡಬಾರದು. ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ಮಗುವಿನ ಪ್ರಾಣವನ್ನೇ ತೆಗೆಯಬಲ್ಲದು.
* ಪಟ್ಟಿ ಬಿಗಿಯಾಗಿರಬೇಕು. ಭುಜದ ಬಳಿ ಬೆರಳುಗಳಿಂದ ಹಿಂಡಿದರೆ ಮಡಿಕೆ ಸಿಗಬಾರದು. ದಪ್ಪ ಸ್ವೆಟರ್ ಮೇಲೆ ಪಟ್ಟಿ ಹಾಕಬೇಡಿ. ದೆಹಲಿಯ ಚಳಿಗಾಲದಲ್ಲಿ ಪಟ್ಟಿ ಹಾಕಿದ ಮೇಲೆ ಶಾಲು ಹೊದಿಸಿ.
* ಕಿಟಕಿ ಅಥವಾ ಸನ್‌ರೂಫ್‌ನಿಂದ ತಲೆ ಹೊರಹಾಕಲು ಬಿಡಬೇಡಿ. ಬಾಗಿಲಿನ ಚೈಲ್ಡ್ ಲಾಕ್ ಬಳಸಿ.
* ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಕ್ಷಣಕಾಲವೂ ಒಂಟಿಯಾಗಿ ಬಿಡಬೇಡಿ. ಬಿಸಿಲಿನಲ್ಲಿ ಒಳಗಿನ ತಾಪ ಬಹುಬೇಗ ಏರುತ್ತದೆ.

ಮಕ್ಕಳ ಆಸನದ ಬಳಕೆಯಿಂದ ಅಪಘಾತದಲ್ಲಿ ಮಕ್ಕಳು ಸಾಯುವ ಸಾಧ್ಯತೆ ಕನಿಷ್ಠ ಶೇ. 60ರಷ್ಟು ತಗ್ಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮಗು ಅಳುತ್ತದೆ, ಕೂರುವುದಿಲ್ಲವೆಂಬ ದೂರು ಸಹಜ. ಮೊದಲ ದಿನದಿಂದಲೇ, ಹತ್ತಿರದ ಮಾರುಕಟ್ಟೆಗೆ ಹೋಗುವಾಗಲೂ ಕೂರಿಸಿದರೆ ಅದು ರೂಢಿಯಾಗುತ್ತದೆ. ಮದುವೆ, ಮುಂಜಿಗಳಿಗೆ ಹೊರಟಾಗ ಒಂದೇ ಕಾರಿನಲ್ಲಿ ಹೇಗೋ ಹೊಂದಿಕೊಂಡರಾಯಿತು ಎನ್ನುವ ಸೌಜನ್ಯಕ್ಕೂ ಮಿತಿಯಿರಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಈ ವಿಷಯದಲ್ಲಿ ನಿಜವಾಗದಿರಲಿ. ಮನೆಯ ಹಿರಿಯರು ಈ ಮಾತನ್ನು ಮೊದಲು ಒಪ್ಪಿದರೆ, ಕಿರಿಯ ಪಾಲಕರ ಕೆಲಸ ಅರ್ಧ ಹಗುರವಾಗುತ್ತದೆಂದು ನಾವು ವಿನಂತಿಸುತ್ತೇವೆ.