‘ಎಫ್‌ಎಲ್‌ಪಿ ಹಾಕಿಬಿಡಿ ಸಾರ್’: ಸ್ಫೋಟದ ಭಯವಿರುವಲ್ಲಿ ವಿದ್ಯುತ್ ಉಪಕರಣದ ಆಯ್ಕೆ

ಹುತ್ರಿದುರ್ಗ ಎಂದರೆ ಕೆಂಪೇಗೌಡರ ಕೋಟೆ, ಚಾರಣಿಗರ ಬೆಟ್ಟ. ಅದಿರುವ ಕುಣಿಗಲ್ ತಾಲ್ಲೂಕನ್ನು ಹಾದುಹೋಗುವ ಮಂಗಳೂರು–ಬೆಂಗಳೂರು ಹೆದ್ದಾರಿಯಲ್ಲಿ ಹಗಲೂ ರಾತ್ರಿ ಗ್ಯಾಸ್ ಟ್ಯಾಂಕರ್‌ಗಳು ಓಡಾಡುತ್ತವೆ. ಅಂಚೆಪಾಳ್ಯದಲ್ಲಿ ಕೈಗಾರಿಕಾ ಪ್ರದೇಶವಿದೆ. ತುಮಕೂರಿನ ಆಚೆ ವಸಂತನರಸಾಪುರದಲ್ಲಿ 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಬಾಗಿಲು ತೆರೆಯಿತು. ಕಾರ್ಖಾನೆ ಬಂದ ಕಡೆ ಥಿನ್ನರಿನ ಆವಿ, ಇಂಧನ, ಗ್ಯಾಸು, ಹಿಟ್ಟಿನ ದೂಳು ಇವೆಲ್ಲ ಜೊತೆಗೇ ಬರುತ್ತವೆ. ಅಂಥ ಜಾಗಕ್ಕೆ ಎಂಥ ಸ್ವಿಚ್ಚು, ಎಂಥ ಸೆನ್ಸರ್, ಎಂಥ ಲೈಟು ಹಾಕಬೇಕು ಎಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿದರೆ ಸಿಗುವ ಉತ್ತರ ಒಂದೇ: ‘ಎಫ್‌ಎಲ್‌ಪಿ ಹಾಕಿಬಿಡಿ ಸಾರ್.’ ಫ್ಲೇಮ್‌ಪ್ರೂಫ್ ಎಂಬುದರ ಗಿಡ್ಡ ರೂಪ ಅದು. ಉತ್ತರ ಅರ್ಧ ಸರಿ. ಉಳಿದರ್ಧ ಯಾಕೆ ತಪ್ಪು ಎಂದು ತಿಳಿಯಬೇಕಾದರೆ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

1812ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಫೆಲಿಂಗ್ ಕಲ್ಲಿದ್ದಲ ಗಣಿಯಲ್ಲಿ ಮೀಥೇನ್ ಹೊತ್ತಿಕೊಂಡು 92 ಮಂದಿ ಸತ್ತರು. 1815ರಲ್ಲಿ ಹಂಫ್ರಿ ಡೇವಿ ಗಣಿದೀಪದ ಉರಿಗೆ ಸಣ್ಣ ಕಣ್ಣಿನ ತಂತಿಬಲೆ ಸುತ್ತಿದ. ಬಲೆಯ ಕಣ್ಣಿನಲ್ಲಿ ತೂರುವಾಗ ಉರಿಯ ಕಾವನ್ನು ಲೋಹ ಹೀರಿಕೊಳ್ಳುತ್ತದೆ, ಆಚೆ ಬದಿಗೆ ಬರುವಷ್ಟರಲ್ಲಿ ಅದಕ್ಕೆ ಗ್ಯಾಸನ್ನು ಹೊತ್ತಿಸುವ ಕಸುವು ಉಳಿದಿರುವುದಿಲ್ಲ. ಈ ದೀಪದ ಧೈರ್ಯದಲ್ಲಿ ಮಾಲೀಕರು ಇನ್ನೂ ಹೆಚ್ಚು ಗ್ಯಾಸಿರುವ ಪದರಗಳಿಗೆ ಆಳುಗಳನ್ನು ಇಳಿಸಿದರು ಎಂಬುದು ಬೇರೆ ಮಾತು. ಗಣಿಗೆ ವಿದ್ಯುತ್ ಬಂದ ಮೇಲೆ, 20ನೇ ಶತಮಾನದ ಮೊದಲ ದಶಕದಲ್ಲಿ, ಜರ್ಮನಿಯ ಕಾರ್ಲ್ ಬೈಲಿಂಗ್ ಮೋಟಾರು ಮತ್ತು ಸ್ವಿಚ್ಚಿನ ಪೆಟ್ಟಿಗೆಗಳ ಮೇಲೆ ಇದೇ ತತ್ವವನ್ನು ಪರೀಕ್ಷಿಸಿ ನೋಡಿದ. ಇಂದಿನ ಫ್ಲೇಮ್‌ಪ್ರೂಫ್ ಪೆಟ್ಟಿಗೆಯ ಬೇರು ಅಲ್ಲಿದೆ.

ಗ್ಯಾಸು ಒಳಗೆ ಹೋಗದಂತೆ ತಡೆಯುವ ಪೆಟ್ಟಿಗೆ ಇದು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಗ್ಯಾಸು ಒಳಗೆ ಹೋಗುತ್ತದೆ, ಕಿಡಿಗೆ ಸಿಕ್ಕಿ ಸಿಡಿಯಲೂಬಹುದು. ಆ ಏಟನ್ನು ಗೋಡೆ ತಾಳಿಕೊಳ್ಳಬೇಕು; ಮುಚ್ಚಳ ಮತ್ತು ಪೆಟ್ಟಿಗೆಯ ಅಂಚುಗಳ ನಡುವಿನ ಕಿರಿದಾದ ಸಂದಿಯಲ್ಲಿ ಉರಿ ತಣಿಯಬೇಕು. ಪೆಟ್ರೋಲ್ ಬಂಕಿನ ಪಂಪಿನೊಳಗಿರುವ ಜಂಕ್ಷನ್ ಬಾಕ್ಸನ್ನು ಬಿಚ್ಚಿದಾಗ ಹತ್ತಿರದಿಂದ ನೋಡಿ: ಅಗಲವಾದ, ಕನ್ನಡಿಯಂತೆ ನಯಗೊಳಿಸಿದ ಅಂಚು, ಒತ್ತೊತ್ತಾಗಿ ಬೋಲ್ಟುಗಳು, ತಂತಿ ಒಳಬರುವಲ್ಲಿ ದಪ್ಪನೆಯ ಹಿತ್ತಾಳೆ ಗ್ಲ್ಯಾಂಡ್. ಆ ಅಂಚೇ ಇಡೀ ಪೆಟ್ಟಿಗೆಯ ಪ್ರಾಣ. ಮಳೆನೀರು ಇಳಿಯುತ್ತದೆಂದು ಅದರ ಮೇಲೆ ಎಂ-ಸೀಲ್ ಮೆತ್ತುವುದು, ತುಕ್ಕು ಹಿಡಿಯದಿರಲೆಂದು ಪೇಂಟ್ ಬಳಿಯುವುದು, ಬಿದ್ದುಹೋದ ಒಂದೆರಡು ಬೋಲ್ಟುಗಳನ್ನು ಹಾಗೇ ಬಿಡುವುದು, ಬಳಸದ ತೂತಿಗೆ ಬಟ್ಟೆ ತುರುಕುವುದು: ಇಷ್ಟರಲ್ಲಿ ಯಾವುದೊಂದನ್ನು ಮಾಡಿದರೂ ಸಾವಿರಾರು ರೂಪಾಯಿಯ ಪೆಟ್ಟಿಗೆ ಬರೀ ಭಾರದ ಕಬ್ಬಿಣ.

ಎರಡನೇ ದಾರಿ ತೆರೆದದ್ದು ಇನ್ನೊಂದು ದುರಂತದ ನಂತರ. 1913ರ ಅಕ್ಟೋಬರ್ 14ರಂದು ವೇಲ್ಸ್‌ನ ಸೆಂಗೆನೈಡ್ ಗಣಿಯಲ್ಲಿ 439 ಕಾರ್ಮಿಕರು ಸತ್ತರು. ಅನುಮಾನ ಬಿದ್ದದ್ದು ಗಂಟೆ ಬಾರಿಸಿ ಸಂಜ್ಞೆ ಕೊಡುವ ಬ್ಯಾಟರಿ ತಂತಿಗಳ ಮೇಲೆ. ಇಷ್ಟು ಕಡಿಮೆ ವೋಲ್ಟೇಜಿನಿಂದ ಏನಾದೀತು ಎಂದೇ ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು. ಸಂಶೋಧಕರಾದ ವೀಲರ್ ಮತ್ತು ಥಾರ್ನ್‌ಟನ್ ಆ ನಂಬಿಕೆಯನ್ನು ಮುರಿದರು. ಲೆಕ್ಕಕ್ಕೆ ಬರುವುದು ವೋಲ್ಟೇಜ್ ಒಂದೇ ಅಲ್ಲ. ಗಂಟೆಯ ಸುರುಳಿಯಲ್ಲಿ ತುಂಬಿಕೊಂಡಿದ್ದು, ತಂತಿ ಬಿಡಿಸಿದ ಕ್ಷಣ ಕಿಡಿಯಾಗಿ ಹಾರುವ ಶಕ್ತಿಯೂ ಮುಖ್ಯ. ಹಾಗಿದ್ದರೆ ಕಿಡಿಯನ್ನು ಪೆಟ್ಟಿಗೆಯಲ್ಲಿ ಕೂಡಿಹಾಕುವ ಬದಲು ಅದರ ಶಕ್ತಿಯನ್ನೇ ಕುಗ್ಗಿಸಬಹುದಲ್ಲ? ಇಂಟ್ರಿನ್ಸಿಕ್ ಸೇಫ್ಟಿ ಎಂಬ ಶಾಖೆ ಹುಟ್ಟಿದ್ದು ಹೀಗೆ. ಮೀಥೇನ್ ಹೊತ್ತಲು ಸುಮಾರು 0.28 ಮಿಲಿಜೂಲ್ ಸಾಕು, ಜಲಜನಕಕ್ಕೆ 0.02. ಉಪಕರಣ ಕೆಟ್ಟು ನಿಂತಾಗಲೂ ಇದಕ್ಕಿಂತ ಕಡಿಮೆ ಶಕ್ತಿ ಮಾತ್ರ ಹೊರಬೀಳುವಂತೆ ಸರ್ಕ್ಯೂಟನ್ನು ಕಟ್ಟಬೇಕು.

ಟ್ರಾನ್ಸಿಸ್ಟರ್ ಬರುವ ತನಕ ಇದು ಗಂಟೆ, ಟೆಲಿಫೋನುಗಳಾಚೆ ಹೆಚ್ಚು ದೂರ ಹೋಗಲಿಲ್ಲ. ಆಮೇಲೆ ಜೆನರ್ ಡಯೋಡಿನ ಬ್ಯಾರಿಯರ್ ಬಂತು. ಕಂಟ್ರೋಲ್ ರೂಮಿನಲ್ಲಿ ಕೂರುವ ಈ ಪುಟ್ಟ ಡಬ್ಬಿ, ಅತ್ತ ಏನೇ ಆದರೂ ಇತ್ತ ತಂತಿಗೆ, ರೂಢಿಯ ಲೆಕ್ಕದಲ್ಲಿ, 28 ವೋಲ್ಟ್, 93 ಮಿಲಿಆಂಪ್‌ಗಿಂತ ಹೆಚ್ಚು ಬಿಡುವುದಿಲ್ಲ. ಇಂದಿನ ಎಷ್ಟೋ ಒತ್ತಡಮಾಪಕ, ಮಟ್ಟಮಾಪಕಗಳು ನಡೆಯುವುದು ಅಷ್ಟರಲ್ಲೇ.

ನಮ್ಮ ನಾಡಿನ ಕಥೆಯ ದಾರಿ ಸ್ವಲ್ಪ ಬೇರೆ. ಶಿವನಸಮುದ್ರದ ವಿದ್ಯುತ್ 1902ರಲ್ಲೇ ಕೋಲಾರದ ಚಿನ್ನದ ಗಣಿ ಮುಟ್ಟಿತ್ತು. ಆದರೆ ಅಲ್ಲಿ ಜನ ಹೆದರುತ್ತಿದ್ದುದು ಬಂಡೆ ಸಿಡಿತಕ್ಕೆ, ಗ್ಯಾಸಿಗಲ್ಲ. ಹೀಗಾಗಿ ಈ ವಿದ್ಯೆಯ ಭಾರತೀಯ ತವರು ಕಲ್ಲಿದ್ದಲ ಗಣಿಗಳ ಧನಬಾದ್ ಆಯಿತು. 1956ರಲ್ಲಿ ಅಲ್ಲಿ ಕೇಂದ್ರೀಯ ಗಣಿ ಸಂಶೋಧನಾ ಸಂಸ್ಥೆ ತೆರೆಯಿತು, ಫ್ಲೇಮ್‌ಪ್ರೂಫ್ ಪರೀಕ್ಷೆಗೆ ದೇಶವೇ ಅತ್ತ ನೋಡುವಂತಾಯಿತು. ಪೆಟ್ರೋಲಿಯಂ ಇರುವಲ್ಲಿಗೆ ಒಪ್ಪಿಗೆ ಕೊಡುವುದು ನಾಗಪುರದ ಪೆಸೊ. 1898ರಲ್ಲಿ ಹುಟ್ಟಿದ ಸ್ಫೋಟಕಗಳ ಇಲಾಖೆಯೇ ಇಂದು ಆ ಹೆಸರಿನಲ್ಲಿದೆ. ಕರ್ನಾಟಕಕ್ಕೆ ಈ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1996ರಲ್ಲಿ ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರ ಶುರುವಾದಾಗ. ಅಲ್ಲಿ ಇದಕ್ಕೆಂದೇ ಎಂಜಿನಿಯರುಗಳಿದ್ದಾರೆ, ನಕ್ಷೆಗಳಿವೆ. ನನ್ನ ಆತಂಕ ಅಂಥವರ ಬಗ್ಗೆ ಅಲ್ಲ. ಗುಬ್ಬಿ, ಕುಣಿಗಲ್ ಸುತ್ತಿನ ಸಣ್ಣ ಶೆಡ್ಡುಗಳ ಬಗ್ಗೆ.

ಅಲ್ಲಿ ಕೇಳಬೇಕಾದ ಪ್ರಶ್ನೆ ಮೂರು. ಮೊದಲನೆಯದು, ಗ್ಯಾಸು ಎಷ್ಟು ಹೊತ್ತು ಇರುತ್ತದೆ? ಭಾರತೀಯ ಮಾನಕ ಐಎಸ್ 5572 ಜಾಗವನ್ನು ವಿಂಗಡಿಸುವುದು ಇದರ ಮೇಲೆ. ಸದಾ ಇರುವುದು ಸೊನ್ನೆ ವಲಯ, ಕೆಲಸ ನಡೆಯುವಾಗ ಆಗಾಗ ಬರುವುದು ಒಂದನೇ ವಲಯ, ಅಪರೂಪಕ್ಕೆ, ಅದೂ ಸ್ವಲ್ಪ ಹೊತ್ತು ಮಾತ್ರ ಬರುವುದು ಎರಡನೇ ವಲಯ. ಪೆಟ್ರೋಲ್ ಟ್ಯಾಂಕಿನ ಒಳಗಿನ ಖಾಲಿ ಜಾಗ ಸೊನ್ನೆ ವಲಯ. ಅಂಗಡಿಯವರು ಹೇಳಿದ ಸಾಮಾನ್ಯ ಎಫ್‌ಎಲ್‌ಪಿ ಪೆಟ್ಟಿಗೆಗೆ ಅಲ್ಲಿ ಪ್ರವೇಶವೇ ಇಲ್ಲ. ಎರಡೆರಡು ದೋಷ ಒಟ್ಟಿಗೆ ಬಂದರೂ ಕಿಡಿ ಸೋಲುವ ‘ಐಎ’ ದರ್ಜೆಯ ಸೆನ್ಸರ್ ಬೇಕು.

ಎರಡನೆಯದು, ಯಾವ ಗ್ಯಾಸು? ಮೂರನೆಯದು, ಉಪಕರಣದ ಮೈ ಎಷ್ಟು ಬಿಸಿಯಾಗುತ್ತದೆ? ಇವೆರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಬ್ಯಾಟರಿ ಚಾರ್ಜ್ ಮಾಡುವ ಕೋಣೆಯ ಜಲಜನಕವನ್ನೇ ತೆಗೆದುಕೊಳ್ಳಿ. ಬರೀ ಬಿಸಿಗೆ ಅದು ಹೊತ್ತಲು 500 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಆದರೆ ಕಿಡಿಗೆ ತಕ್ಷಣ ಹೊತ್ತುತ್ತದೆ, 0.3 ಮಿಲಿಮೀಟರಿನ ಸಂದಿಯಲ್ಲೂ ಅದರ ಉರಿ ನುಸುಳುತ್ತದೆ. ಅದಕ್ಕೆ ಅತಿ ಬಿಗಿಯಾದ 2-ಸಿ ಗುಂಪಿನ ಪೆಟ್ಟಿಗೆ ಬೇಕು. ಹಿಂಡಿಯಿಂದ ಎಣ್ಣೆ ತೆಗೆಯಲು ಬಳಸುವ ಹೆಕ್ಸೇನ್ ಇದಕ್ಕೆ ತದ್ವಿರುದ್ಧ. ಗುಂಪು ಸುಲಭದ 2-ಎ, ಆದರೆ ಸುಮಾರು 225 ಡಿಗ್ರಿ ಬಿಸಿ ತಾಗಿದರೆ ಕಿಡಿಯೇ ಬೇಡ, ತಾನಾಗಿ ಹೊತ್ತುತ್ತದೆ. ಅಲ್ಲಿ ಮೈ 200 ಡಿಗ್ರಿ ಮೀರದ ಟಿ3 ದರ್ಜೆಯ ಉಪಕರಣವೇ ಆಗಬೇಕು. ಒಂದಕ್ಕೆ ತಂದದ್ದನ್ನು ಇನ್ನೊಂದಕ್ಕೆ ಹಾಕಿದರೆ ಸರ್ಟಿಫಿಕೇಟ್ ಫೈಲಿನಲ್ಲಿರುತ್ತದೆ, ಅಪಾಯ ಶೆಡ್ಡಿನಲ್ಲಿರುತ್ತದೆ.

ತುಮಕೂರು ಸೀಮೆಗೆ ಹೆಚ್ಚು ಹತ್ತಿರದ್ದು ದೂಳಿನ ಪ್ರಶ್ನೆ. ಹಿಟ್ಟಿನ ಮಿಲ್ಲು, ಭತ್ತದ ಮಿಲ್ಲು, ಪಶು ಆಹಾರದ ಘಟಕ, ಇಲ್ಲೆಲ್ಲ ದೂಳನ್ನು ಗುಡಿಸಬೇಕಾದ ಕಸ ಎಂದು ನೋಡುತ್ತಾರೆಯೇ ಹೊರತು ಉರುವಲು ಎಂದು ನೋಡುವುದಿಲ್ಲ. 2008ರ ಫೆಬ್ರುವರಿಯಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸಕ್ಕರೆ ಕಾರ್ಖಾನೆಯೊಂದರಲ್ಲಿ 14 ಮಂದಿಯನ್ನು ಕೊಂದದ್ದು ಸಕ್ಕರೆಯ ಪುಡಿ. 1965ರಲ್ಲಿ ನಮ್ಮದೇ ದೇಶದ ಧೋರಿ ಗಣಿಯಲ್ಲಿ 268 ಜನರ ಸಾವಿಗೆ ಕಾರಣವಾದದ್ದು ಕಲ್ಲಿದ್ದಲ ದೂಳು. ದೂಳಿಗೆ ವಲಯದ ಹೆಸರೇ ಬೇರೆ: 20, 21, 22. ಗ್ಯಾಸಿಗೆಂದು ಪ್ರಮಾಣೀಕರಿಸಿದ ಎಫ್‌ಎಲ್‌ಪಿ ಪೆಟ್ಟಿಗೆ ದೂಳಿಗೂ ಆಗುತ್ತದೆ ಎನ್ನುವಂತಿಲ್ಲ. ಇಲ್ಲಿ ದೂಳು ಒಳಗೆ ಹೋಗಲೇಬಾರದು, ಮೋಟಾರಿನ ಮೈಮೇಲೆ ಕೂತ ಪದರ ಬೇಯಲೂಬಾರದು. ಲೆಕ್ಕ ಹೀಗಿದೆ: 5 ಮಿಲಿಮೀಟರ್ ದೂಳಿನ ಪದರ ಯಾವ ಉಷ್ಣತೆಗೆ ಹೊತ್ತುತ್ತದೋ ಅದಕ್ಕಿಂತ 75 ಡಿಗ್ರಿ ಕೆಳಗೆ ಉಪಕರಣದ ಮೈ ಇರಬೇಕು. ಪದರ ಇನ್ನೂ ದಪ್ಪವಾದರೆ ಈ ಲೆಕ್ಕವೂ ನಡೆಯದು. ಅಂದರೆ ಪೊರಕೆಯೂ ಇಲ್ಲಿ ಸುರಕ್ಷತಾ ಸಾಧನವೇ. ಫ್ಯಾಕ್ಟರಿ ಕಾಯ್ದೆ 1948ರ 37ನೇ ಕಲಂ ಗ್ಯಾಸಿನ ಜೊತೆಗೆ ದೂಳನ್ನೂ ಹೆಸರಿಸಿತ್ತು ಎಂಬುದು ಎಷ್ಟು ಮಾಲೀಕರಿಗೆ ನೆನಪಿದೆಯೋ!

ಈಚಿನ ತಲೆನೋವು ಕೈಯಲ್ಲಿ ಹಿಡಿದು ಓಡಾಡುವ ಎಲೆಕ್ಟ್ರಾನಿಕ್ಸ್‌ನದು: ಮೊಬೈಲು, ಟ್ಯಾಬ್, ವಾಕಿಟಾಕಿ, ಕ್ಯಾಮೆರಾ. ಗೋಡೆಗೆ ಬಿಗಿದ ಲೈಟನ್ನು ಒಮ್ಮೆ ಪರೀಕ್ಷಿಸಿ ಬಿಡಬಹುದು. ಜೇಬಿನಲ್ಲಿ ಬರುವುದನ್ನು ತಡೆಯುವುದು ಕಷ್ಟ. ವಲಯಕ್ಕೆ ತಕ್ಕ ಸುರಕ್ಷಿತ ಫೋನುಗಳು ಸಿಗುತ್ತವೆ, ಬೆಲೆ ಮಾಮೂಲಿ ಫೋನಿಗಿಂತ ಬಹಳ ಜಾಸ್ತಿ. ಬ್ಯಾಟರಿಯನ್ನು ವಲಯದೊಳಗೆ ಬಿಚ್ಚುವಂತಿಲ್ಲ, ಚಾರ್ಜಿಗೆ ಹಾಕುವಂತಿಲ್ಲ. ಬೀದಿಯ ಅಂಗಡಿಯಲ್ಲಿ ರಿಪೇರಿ ಮಾಡಿಸಿದರಂತೂ ಅದು ಸುರಕ್ಷಿತ ಫೋನಾಗಿ ಉಳಿಯುವುದಿಲ್ಲ.

ಸಣ್ಣ ಘಟಕದವರಲ್ಲಿ ನನ್ನ ಕೋರಿಕೆ ಇಷ್ಟು. ಕೊಟೇಶನ್ ತರಿಸುವ ಮೊದಲು ಶೆಡ್ಡಿನ ನಕ್ಷೆಯ ಮೇಲೆ ತಿಳಿದವರಿಂದ ವಲಯಗಳ ಗೆರೆ ಎಳೆಸಿ. ಎಷ್ಟೋ ಸಲ ಪ್ಯಾನಲನ್ನು ಗೋಡೆಯಾಚೆಗೆ ಸರಿಸಿದರೆ, ಗಾಳಿಯಾಡುವಂತೆ ಮಾಡಿದರೆ, ದುಬಾರಿ ಪೆಟ್ಟಿಗೆಯ ಅಗತ್ಯವೇ ಬೀಳುವುದಿಲ್ಲ. ಕೊಂಡ ಮೇಲೆ ಹೆಸರುಫಲಕದ ಗುಂಪು, ಟಿ ದರ್ಜೆ, ಸರ್ಟಿಫಿಕೇಟ್ ಸಂಖ್ಯೆ ಮೂರನ್ನೂ ಕಾಗದದೊಂದಿಗೆ ತಾಳೆ ನೋಡಿ. ತಜ್ಞರ ಸಲಹೆ ಇಲ್ಲದೆ ಎರಡು ತಪಾಸಣೆಗಳ ನಡುವೆ ಮೂರು ವರ್ಷಕ್ಕಿಂತ ಹೆಚ್ಚು ಬಿಡಬಾರದು, ಕೈಯಲ್ಲಿ ಒಯ್ಯುವ ಉಪಕರಣವಾದರೆ ಒಂದು ವರ್ಷಕ್ಕಿಂತ ಹೆಚ್ಚು ಬಿಡಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ಮಾನಕ.