ಹೆಜ್ಜೆ ಯಾರ ಶಿವಾರದಲ್ಲಿ?



ಪನ್ಹಾಳಕ್ಕೆ ನೀವೆಲ್ಲ ಹೋಗಿಯೇ ಇರುತ್ತೀರಿ. ಕೊಲ್ಹಾಪುರದಿಂದ ಸುಮಾರು 20 ಕಿಲೋಮೀಟರ್. ಶಾಲೆಯ ಸಹಲಿಗೆ ಹೋದವರು, ಮದುವೆಯಾದ ಹೊಸದರಲ್ಲಿ ಹೋದವರು, ಜ್ಯೋತಿಬಾನ ದರ್ಶನ ಮುಗಿಸಿ ಹಾಗೆಯೇ ಮೇಲೆ ಹತ್ತಿದವರು, ಎಲ್ಲರೂ ತೀನ್ ದರವಾಜಾ ನೋಡಿ, ಅಂಬರಖಾನೆ ನೋಡಿ, ಸಜ್ಜಾ ಕೋಠಿಯಲ್ಲಿ ಗಾಳಿಗೆ ನಿಂತು, ಝುಣಕಾ ಭಾಕರಿ ತಿಂದು ಇಳಿದು ಬರುತ್ತಾರೆ. ಆ ಕೋಟೆ ಕಟ್ಟಿಸಿದವನು ಶಿಲಾಹಾರರ ಇಮ್ಮಡಿ ಭೋಜ. ಆ ಮನೆತನದ ಅನೇಕ ಶಾಸನಗಳು ಕನ್ನಡದಲ್ಲಿವೆ ಎಂಬುದನ್ನು ನಮ್ಮವರು ಮರೆಯಬಾರದು.

ಗಡಿಯ ಆಚೆಯಿಂದ, ರಾಯಬಾಗ, ಸಂಕೇಶ್ವರದ ಕಡೆಯಿಂದ ಬರುವ ನಮ್ಮ ಬೀಗರು ನೆಂಟರು ಇಂಥ ಊರಿಗೆ ಹೊರಡುವ ಮುಂಚೆ ನನ್ನನ್ನು ಒಂದು ಮಾತು ಕೇಳುತ್ತಾರೆ. “ಅಲ್ಲಿ ಏನರೆ ಕಳವಾದರ ಪೋಲೀಸರು ನಮ್ಮಂಥವರ ಮಾತು ಕೇಳ್ತಾರೇನ್ರಿ? ನಮಗ ಮರಾಠಿ ಸರಿಯಾಗಿ ಬರೂದಿಲ್ಲ. ಅವರೆಲ್ಲ ಅದೇ ಊರಿನವರು, ಅಂಗಡಿಯವರಿಗೆ, ಲಾಡ್ಜಿನವರಿಗೆ ಬೇಕಾದವರು.” ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದು ಮಾತಿನಲ್ಲಿ ಹೇಳಲಿಕ್ಕೆ ನನಗೆ ಎಂದೂ ಆಗಿಲ್ಲ. ಈ ಪ್ರಶ್ನೆ ಇಂದಿನದಲ್ಲ. ಕನಿಷ್ಠ ಇನ್ನೂರು ವರ್ಷದಿಂದ ಈ ಸೀಮೆಯ ದಾರಿಹೋಕರು ಇದನ್ನೇ ಕೇಳುತ್ತ ಬಂದಿದ್ದಾರೆ.

ಪನ್ಹಾಳದ ಒಂದು ಹಳೆಯ ಸಂಗತಿಯಿಂದಲೇ ಸುರು ಮಾಡುತ್ತೇನೆ. 1844ನೆಯ ಇಸವಿ. ಕೊಲ್ಹಾಪುರದ ಮಹಾರಾಜರು ಆಗ ಅಲ್ಪವಯಸ್ಕರು. ಇಂಗ್ಲಿಷರ ಕಡೆಯಿಂದ ನೇಮಕವಾದ ದಾಜೀ ಕೃಷ್ಣ ಪಂಡಿತ ಎಂಬವರು ಕಾರಭಾರ ನೋಡುತ್ತಿದ್ದರು. ಕೋಟೆಗಳಲ್ಲಿ ಗಡಕರಿಗಳು ಇದ್ದರು. ಗಡಕರಿ ಎಂದರೆ ಕೋಟೆ ಕಾಯುವವನು. ಅವನಿಗೆ ತಿಂಗಳ ಪಗಾರ ಮುಖ್ಯವಲ್ಲ. ಅಜ್ಜ, ಅಪ್ಪ, ಮಗ ಹೀಗೆ ಕೋಟೆ ಕಾಯ್ದು, ಅದಕ್ಕೆ ಪ್ರತಿಯಾಗಿ ಜಮೀನು ಉಣ್ಣುವವನು. ಹೊಸ ಕಾರಭಾರದಲ್ಲಿ ಆ ಜಮೀನಿನ ವ್ಯವಸ್ಥೆ ಮಾಮಲೇದಾರರ ಕೈಗೆ ಹೋಗುತ್ತದೆ ಎಂದು ಗೊತ್ತಾದಾಗ ಗಡಕರಿಗಳು ಹೆದರಿದರು. ನಮ್ಮ ಗಡಹಿಂಗ್ಲಜದ ಹತ್ತಿರದ ಸಾಮಾನಗಡದಲ್ಲಿ ಮೊದಲು ಬಾಗಿಲು ಮುಚ್ಚಿತು. ಆಮೇಲೆ ಭೂದರಗಡ, ಆಮೇಲೆ ಪನ್ಹಾಳ. ಇದೇ ಗದ್ದಲದಲ್ಲಿ ಸಾತಾರೆಯ ರೆಸಿಡೆಂಟ್ ಕರ್ನಲ್ ಓವನ್ಸ್ ಸಾಹೇಬರು ಈ ಕಡೆ ಪ್ರವಾಸದಲ್ಲಿದ್ದರು. ಬಂಡುಗಾರರು ಅವರನ್ನು ದಾರಿಯಲ್ಲೇ ಹಿಡಿದು ಒಯ್ದು ಪನ್ಹಾಳದಲ್ಲಿ ಇಟ್ಟರು. ಅಕ್ಟೋಬರದಲ್ಲಿ ಸಾಮಾನಗಡ ಬಿತ್ತು. ಡಿಸೆಂಬರ 1ರಂದು ಜನರಲ್ ಡೆಲಾಮೋಟ್‌ನ ಫೌಜು ಪನ್ಹಾಳದ ಗೋಡೆ ಒಡೆದು ಒಳಗೆ ನುಗ್ಗಿತು. ಕೋಟೆಗಳ ತಟಬಂದಿ ಕೆಡವಿದರು. ದಂಡಿನ ಖರ್ಚನ್ನು ಕೊಲ್ಹಾಪುರ ಸಂಸ್ಥಾನದ ತಲೆಗೇ ಕಟ್ಟಿದರು.

ಓವನ್ಸ್ ಸಾಹೇಬರು ತಂಪಿಗೆ ಬಂದ ಪ್ರವಾಸಿ ಅಲ್ಲ, ಸರಕಾರಿ ಅಂಮಲದಾರರು, ಅದು ನನಗೆ ಗೊತ್ತು. ಗಡಕರಿಗಳನ್ನು ಬರೀ ಗೂಂಡಾಗಳೆಂದು ಹೇಳುವುದೂ ನ್ಯಾಯವಲ್ಲ, ಅವರ ಅನ್ನಕ್ಕೆ ಕೈ ಹಾಕಿದ್ದರು. ಆದರೂ ನೋಡಿರಿ, ಯಾರ ಕೆಲಸ ಕಾಯುವುದೋ ಅವರೇ ದಾರಿಹೋಕನನ್ನು ಹಿಡಿದಿಟ್ಟರು. ಕಾಯುವವನ ಅನ್ನ ಎಲ್ಲಿಂದ ಬರುತ್ತದೆ, ಅವನು ಯಾರಿಗೆ ಜವಾಬು ಕೊಡಬೇಕು, ಇದು ಗೊತ್ತಾಗದೆ ಅವನನ್ನು ನಂಬುವ ಮಾತು ಆಡಲಿಕ್ಕೆ ಬರುವುದಿಲ್ಲ.

ಹಳ್ಳಿಗಳಲ್ಲಿ ಆಗ ಹೇಗಿತ್ತು? ಪೇಶವಾಯಿ ಮುಳುಗಿದ ಮೇಲೆ, 1819ರಲ್ಲಿ, ಎಲ್ಫಿನ್‌ಸ್ಟನ್ ಸಾಹೇಬರು ಆ ಮುಲುಕಿನ ಬಗ್ಗೆ ಒಂದು ದೊಡ್ಡ ವರದಿ ಬರೆದರು. ಅದರಲ್ಲಿ ಊರ ಕಾವಲುಗಾರನ ಕೆಲಸವನ್ನು ವಿವರವಾಗಿ ಹೇಳಿದ್ದಾರೆ. ನಮ್ಮ ಕಡೆ ತಳವಾರ, ಸನದಿ ಎನ್ನುವವರ ಕೆಲಸವೂ ಇದಕ್ಕೆ ದೂರವಾಗಿರಲಿಲ್ಲ. ರಾತ್ರಿ ಗಸ್ತು ಹಾಕಬೇಕು. ಊರಿಗೆ ಯಾರು ಬಂದರು, ಯಾರು ಹೋದರು ಲಕ್ಷ್ಯವಿರಬೇಕು. ಊರಲ್ಲಿ ಯಾರ ನಡತೆ ಹೇಗೆ ಎಂದು ತಿಳಿದಿರಬೇಕು. ಕಳವಾದರೆ ಕಳ್ಳನ ಹೆಜ್ಜೆ ಹಿಡಿದು ಹೋಗಬೇಕು. ಹೆಜ್ಜೆ ತನ್ನ ಶಿವಾರ ದಾಟಿ ಪಕ್ಕದ ಊರಿನ ಶಿವಾರಕ್ಕೆ ಹೋಗಿದೆ ಎಂದು ತೋರಿಸಿಕೊಟ್ಟರೆ ಅವನು ಬಿಡುಗಡೆ, ಅಲ್ಲಿಂದ ಮುಂದೆ ಆ ಊರಿನ ಹೊಣೆ. ತೋರಿಸಲಾರದೆ ಹೋದರೆ? ಕಳವಿನ ಬೆಲೆಯನ್ನು ಅವನು ತನ್ನ ಶಕ್ತಿ ಇದ್ದಷ್ಟು ತುಂಬಿಕೊಡಬೇಕು. ಉಳಿದದ್ದು ಊರಿನ ಮೇಲೆ.

ಕೇಳಿದರೆ ಎಷ್ಟು ಚಂದ ಕಾಣುತ್ತದೆ. ಪರಊರಿನವನ ಗಂಟು ಹೋದರೆ ಊರೇ ತುಂಬಿಕೊಡುವುದು! ನಾನೂ ಮೊದಲು ಓದಿದಾಗ, ಇಂಥ ವ್ಯವಸ್ಥೆ ಈಗ ಯಾಕಿಲ್ಲ ಅಂದುಕೊಂಡೆ. ಆದರೆ ಎಲ್ಫಿನ್‌ಸ್ಟನ್ನರು ಮುಂದೆ ಬರೆದದ್ದನ್ನೂ ಓದಬೇಕು. ಪೂರ್ತಿ ವಸೂಲಿ ಆಗುತ್ತಿದ್ದದ್ದು ಎಲ್ಲೋ ಕೆಲವು ಸಲ. ಸಾಮಾನ್ಯವಾಗಿ ಒಂದಿಷ್ಟು ದಂಡ ಹಾಕಿ ಮುಗಿಸುತ್ತಿದ್ದರು. ಕಳವು ತಡೆಯುವ ಶಕ್ತಿಯೂ ಇಲ್ಲದ, ತುಂಬಿಕೊಡುವ ಶಕ್ತಿಯೂ ಇಲ್ಲದ ಊರಿನ ಮೇಲೆ ಈ ಭಾರ ಅನ್ಯಾಯವೆಂದು ಅವರೇ ಒಪ್ಪುತ್ತಾರೆ. ಹಾಗಿದ್ದರೂ ಈ ಕಟ್ಟು ಯಾಕೆ ಬೇಕಾಗಿತ್ತು? ಎಷ್ಟೋ ಸಲ ಕಾವಲುಗಾರನೇ ಕಳ್ಳ, ಪಾಟೀಲನೇ ಕಳ್ಳರಿಗೆ ಆಸರೆ ಕೊಟ್ಟು ಪಾಲು ತಿನ್ನುವವನು, ಅದಕ್ಕೇ ಬೇಕಾಗಿತ್ತು ಎನ್ನುತ್ತಾರೆ. ನಮ್ಮ ಬೀಗರಿಗೆ ಇರುವ ಸಂಶಯ ಸಾಹೇಬರಿಗೂ ಇತ್ತು ನೋಡಿರಿ.

ಇನ್ನೊಂದು ಮಾತನ್ನು ನಾನು ಸೇರಿಸುತ್ತೇನೆ. ಹೆಜ್ಜೆ ಪಕ್ಕದ ಶಿವಾರಕ್ಕೆ ಹೋಯಿತು ಎಂದು ತೋರಿಸಿದರೆ ಬಿಡುಗಡೆ ಎಂದಮೇಲೆ, ಪ್ರತಿಯೊಬ್ಬ ಕಾವಲುಗಾರನ ಕಣ್ಣೂ ಮೊದಲು ಗಡಿಯ ಕಲ್ಲಿನ ಕಡೆಗೇ ಹೋಗುತ್ತದೆ. ಕಳ್ಳ ಸಿಗಲಿ ಬಿಡಲಿ, ಹೆಜ್ಜೆ ದಾಟಿದರೆ ಸಾಕು.

ನಮ್ಮ ಸೀಮೆಯಲ್ಲಂತೂ ಗಡಿಕಲ್ಲುಗಳಿಗೆ ಬರವೇ ಇರಲಿಲ್ಲ. ಸಂಸ್ಥಾನದ ಕಾಲದಲ್ಲಿ ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಗಾಡಿ ಹೂಡಿದ ವ್ಯಾಪಾರಿ ಹೊರಡುವಾಗ ಇಂಗ್ಲಿಷರ ಬೆಳಗಾವಿ ಜಿಲ್ಲೆಯಲ್ಲಿ ಇರುತ್ತಿದ್ದ, ನಡುದಾರಿಯಲ್ಲಿ ಕಾಗಲ ಜಹಗೀರಿಯಲ್ಲಿ, ಮುಟ್ಟುವಾಗ ಮಹಾರಾಜರ ಮುಲುಕಿನಲ್ಲಿ. ಇಚಲಕರಂಜಿ ಘೋರ್ಪಡೆಯವರ ಜಹಗೀರಿ. ಅಲ್ಲಿಂದ ಸ್ವಲ್ಪ ಆಚೆಗೆ ಹೋದರೆ ಕುರುಂದವಾಡ, ಅದು ಪಟವರ್ಧನರದು. ಮಿರಜ, ಸಾಂಗಲಿ ಮತ್ತೆ ಬೇರೆ ಬೇರೆ. ರಾಯಬಾಗ ಸುತ್ತಲೂ ಬೆಳಗಾವಿ ಜಿಲ್ಲೆ ಇದ್ದರೂ ಕೊಲ್ಹಾಪುರದ್ದು. ಒಂದು ದಿನದ ದಾರಿಯಲ್ಲಿ ಮೂರು ಸರಕಾರ. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ನಕಾಶೆ ಯಾರು ಬರೆದುಕೊಡುತ್ತಾರೆ?

ಇತ್ತ ಕಾವಲು ಕಾಯುತ್ತಿದ್ದ ಜನರ ಪಾಡೇನಾಯಿತು? ಪಗಾರದ ಪೋಲೀಸರು ಬಂದಂತೆ ಊರ ಕಾವಲಿನ ಮಾನ ಕಡಿಮೆಯಾಯಿತು. ನಿನ್ನೆಯ ತನಕ ಊರು ಕಾಯ್ದ ರಾಮೋಶಿ, ಬೇಡರಂಥ ಜಾತಿಗಳವರು ಹುಟ್ಟಿನಿಂದಲೇ ಗುನ್ಹೆಗಾರರು ಎಂಬ ಲೆಕ್ಕಕ್ಕೆ ಬಂದರು. ದಿನವೂ ಚಾವಡಿಗೆ ಬಂದು ಹಾಜರಿ ಕೊಡಬೇಕು, ಕೇಳದೆ ಪರಊರಿಗೆ ಹೋಗುವಂತಿಲ್ಲ. ಕೊಲ್ಹಾಪುರದಲ್ಲಿ ಈ ಹಾಜರಿಯನ್ನು 1918ರಲ್ಲಿ ನಿಲ್ಲಿಸಿದವರು ಶಾಹೂ ಮಹಾರಾಜರು. ಫಾಸೆಪಾರ್ಧಿಗಳನ್ನು ಕರೆದು ಮನೆ ಮಾಡಿಕೊಟ್ಟು ಕೆಲಸಕ್ಕೆ ಇಟ್ಟುಕೊಂಡವರೂ ಅವರೇ. ಬ್ರಿಟಿಷ್ ಮುಲುಕಿನಲ್ಲಿ ಗುನ್ಹೆಗಾರ ಜಮಾತಿಗಳ ಕಾಯದೆ ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ ಹೋಯಿತು. ಮಹಾರಾಜರು 34 ವರ್ಷ ಮುಂಚೆಯೇ ನಂಬಿ ನೋಡಿದ್ದರು. ಪೋಲೀಸರನ್ನು ಜನ ನಂಬಬೇಕೆ ಎಂಬ ಪ್ರಶ್ನೆಗೆ ಇನ್ನೊಂದು ಮಗ್ಗಲು ಇದೆ, ಪೋಲೀಸರು ಯಾವ ಜನರನ್ನು ನಂಬುತ್ತಾರೆ ಎಂಬುದು. ಇದನ್ನು ಪ್ರವಾಸಿಗಳು ಯೋಚಿಸುವುದು ಕಡಿಮೆ.

1949ರ ಮಾರ್ಚ 1ಕ್ಕೆ ಕೊಲ್ಹಾಪುರ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ರಾಯಬಾಗ ಬೆಳಗಾವಿಗೆ ಸೇರಿತು. 1956ರಲ್ಲಿ ಚಂದಗಡ ತಾಲೂಕು ಬೆಳಗಾವಿಯಿಂದ ಕೊಲ್ಹಾಪುರಕ್ಕೆ ಬಂತು. ಗಡಿಕಲ್ಲು ಅನೇಕ ಹೋಗಿ ಒಂದೇ ಉಳಿಯಿತು, ಆದರೆ ಅದು ದೊಡ್ಡ ಕಲ್ಲು. ಈಗ ಗಡಿಯ ಎರಡು ಬದಿಯಲ್ಲಿ ಊರ ಕಾವಲಿನ ರೀತಿಯೂ ಬೇರೆ ಆಯಿತು. ಕರ್ನಾಟಕದಲ್ಲಿ ಗೌಡಿಕೆ, ಕುಲಕರ್ಣಿಕೆ 1961ರ ಕಾಯದೆಯಿಂದ ಹೋದವು. ಮಹಾರಾಷ್ಟ್ರದಲ್ಲಿ ವಸೂಲಿ ಪಾಟೀಲಕಿ ಹೋದರೂ, 1967ರ ಕಾಯದೆಯಿಂದ ಪೋಲೀಸ ಪಾಟೀಲ ಉಳಿದ. ಅವನು ವಂಶದ ಪಾಟೀಲನಲ್ಲ, ಸರಕಾರ ನೇಮಿಸಿದವನು. ಆಚೆಯಿಂದ ಬರುವ ನಮ್ಮವರಿಗೆ ಹೀಗೊಬ್ಬನಿದ್ದಾನೆ ಎಂಬುದೇ ಗೊತ್ತಿರುವುದಿಲ್ಲ. ಹಳ್ಳಿಯ ಯಾತ್ರೆಯಲ್ಲೋ ಉರುಸಿನಲ್ಲೋ ಮಗು ತಪ್ಪಿಸಿಕೊಂಡರೆ, ಠಾಣೆ ದೂರವಿದ್ದರೆ, ಮೊದಲು ಪೋಲೀಸ ಪಾಟೀಲರ ಮನೆ ಯಾವುದೆಂದು ಕೇಳಿರಿ. ಇನ್ನು ಠಾಣೆಯ ಫೌಜದಾರರಂತೂ ಬದಲಿಯಾಗಿ ಬಂದವರು. ಎಷ್ಟೋ ಸಲ ಆ ಊರಿಗೆ ಅವರೂ ನಿಮ್ಮ ಹಾಗೆ ಪರಊರಿನವರೇ.

ಈಗ ನನ್ನ ಅನುಭವಕ್ಕೆ ಬರುತ್ತೇನೆ. 2004ರ ಬೇಸಿಗೆ. ನಮ್ಮ ಅಕ್ಕ, ಮಾವ ರಾಯಬಾಗದ ಕಡೆಯಿಂದ ಹೊರಟು ಒಂದು ಗುಡ್ಡದ ಮೇಲಿನ ಊರಿಗೆ ಹೋದರು. ಊರಿನ ಹೆಸರು ಬೇಡ. ಎಸ್.ಟಿ. ಇಳಿದು ಚಹಾ ಕುಡಿಯುವಾಗ ನೋಡಿದರೆ ಅಕ್ಕನ ಕೈಚೀಲವಿಲ್ಲ. ಅದರಲ್ಲಿ ಅವಳ ತವರಿನ ಬೋರಮಾಳ, ಬ್ಯಾಂಕಿನ ಪಾಸಬುಕ್ಕು. ಠಾಣೆಗೆ ಹೋದರು. “ಚೀಲ ಬಸ್ಸಿನಲ್ಲಿ ಹೋಗಿರಬೇಕು. ಬಸ್ಸು ಎಲ್ಲಿಂದ ಹೊರಟಿತೋ ಅಲ್ಲಿ ಕೊಡಿರಿ” ಅಂದರು. ಬಸ್ಸು ಹೊರಟ ಊರಿನಲ್ಲಿ ಕೇಳಿದರೆ, “ನಿಮಗೆ ಗೊತ್ತಾದದ್ದು ಗುಡ್ಡದ ಮೇಲೆ. ಅಲ್ಲಿಯದೇ ಕೇಸು” ಅಂದರು. ಯಾರೂ ಬೈಯಲಿಲ್ಲ, ದುಡ್ಡು ಕೇಳಲಿಲ್ಲ, ಅದನ್ನೂ ಹೇಳಬೇಕು. ಕುರ್ಚಿ ಕೊಟ್ಟು ಕೂಡಿಸಿಯೇ ಹೆಜ್ಜೆಯನ್ನು ಪಕ್ಕದ ಶಿವಾರಕ್ಕೆ ದಾಟಿಸಿದರು. ಆಗ ನನಗೆ ಎಲ್ಫಿನ್‌ಸ್ಟನ್ ಸಾಹೇಬರ ನೆನಪಾಯಿತು. ಹಳೆಯ ಕಾಲದಲ್ಲಿ ಪಕ್ಕದ ಊರಿನವನು ಹೆಜ್ಜೆಯನ್ನು ಒಪ್ಪಿಕೊಳ್ಳಲೇಬೇಕಾಗಿತ್ತು. ಇಲ್ಲಿ ದಾಟಿಸುವುದು ಉಳಿದಿತ್ತು, ಒಪ್ಪಿಕೊಳ್ಳುವುದು ಹೋಗಿತ್ತು.

ಮೂರನೆಯ ದಿನ ನಾನು ರಜೆ ಹಾಕಿ ಅವರ ಸಂಗಡ ಮತ್ತೆ ಗುಡ್ಡಕ್ಕೆ ಹೋದೆ. ನಾನು ದೊಡ್ಡ ಕಾಯದೆ ಬಲ್ಲವನಲ್ಲ, ಮ್ಯಾಟ್ರಿಕ್ ಆದ ಕಾರಕೂನ. ಆದರೆ ಬ್ಯಾಂಕಿನಲ್ಲಿ ಒಂದು ಕಲಿತಿದ್ದೆ. ಗಿರಾಕಿ ಅರ್ಜಿ ಕೊಟ್ಟರೆ ಅದು ಆಗುವಂಥದ್ದಿರಲಿ ಆಗದಿರಲಿ, ಮೊದಲು ಆವಕ ನಂಬರು ಹಾಕಿ ಶಿಕ್ಕಾ ಒತ್ತಿ ನಕಲು ಕೊಡಬೇಕು. ಅಷ್ಟೇ ಕೇಳಿದೆ. ಒಳಗೆ ಕೂತಿದ್ದ ಒಬ್ಬ ವಯಸ್ಸಾದ ಹವಾಲ್ದಾರರು ತಲೆ ಎತ್ತಿದರು. ನಾವು ನಮ್ಮನಮ್ಮಲ್ಲಿ ಕನ್ನಡ ಆಡುವುದು ಅವರ ಕಿವಿಗೆ ಬಿದ್ದಿತ್ತು. ಅವರ ತಾಯಿಯ ತವರು ಸಂಕೇಶ್ವರದ ಕಡೆ. “ಅಕ್ಕಾರ, ಅಳಬ್ಯಾಡ್ರಿ. ಏನೇನಿತ್ತು ಒಂದೊಂದ ಹೇಳ್ರಿ, ನಾ ಬರಕೋತೀನಿ” ಅಂದರು. ಅಕ್ಕ ಕನ್ನಡದಲ್ಲಿ ಹೇಳಿದಳು, ಅವರು ಮರಾಠಿಯಲ್ಲಿ ಬರೆದರು.

ಆದರೆ ಎಲ್ಲರಿಗೂ ಸಂಕೇಶ್ವರದ ತಾಯಿ ಇರುವುದಿಲ್ಲ. ದೈವ ಒಳ್ಳೆಯದಿದ್ದರೆ ಸಿಗುವುದಕ್ಕೆ ವಿಶ್ವಾಸ ಎನ್ನಲಿಕ್ಕೆ ಬರುವುದಿಲ್ಲ. ಆಮೇಲೆ ಕಾಯದೆ ಬದಲಾಗಿದೆ, ಅದನ್ನು ನೀವು ತಿಳಿದಿರಬೇಕು. ಕಳವಿನಂಥ ದಖಲುಪಾತ್ರ ಗುನ್ಹೆಯ ಮಾಹಿತಿ ಕೊಟ್ಟರೆ ಫಿರ್ಯಾದಿ ಬರೆದುಕೊಳ್ಳಲೇಬೇಕು ಎಂದು ಸುಪ್ರೀಂ ಕೋರ್ಟು 2013ರ ಲಲಿತಾಕುಮಾರಿ ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ, ಗುನ್ಹೆ ಯಾವ ಹದ್ದಿನಲ್ಲೇ ನಡೆದಿರಲಿ, ನೀವು ಹೋದ ಠಾಣೆಯವರೇ ಮಾಹಿತಿ ಬರೆದುಕೊಳ್ಳಬೇಕು. ಅದಕ್ಕೆ ಝೀರೋ ಎಫ್.ಐ.ಆರ್. ಎನ್ನುತ್ತಾರೆ. ಹದ್ದಿನ ಠಾಣೆಗೆ ಕಳಿಸುವುದು ಅವರ ಕೆಲಸ, ನಿಮ್ಮದಲ್ಲ. ಬರೆದದ್ದನ್ನು ನಿಮಗೆ ಓದಿ ಹೇಳಬೇಕು. ನಕಲು ಪುಕ್ಕಟೆ ಕೊಡಬೇಕು. ಭಾಷೆ ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಹೇಳಿರಿ, ಸಹಿ ಆಮೇಲೆ.

2022ರ ಡಿಸೆಂಬರದಲ್ಲಿ ಹಿರೇಬಾಗೇವಾಡಿಯ ಟೋಲ ನಾಕಾದಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಕಪ್ಪು ಬಳಿದರು. ಅಂಥ ದಿನಗಳಲ್ಲಿ ಗಾಡಿಯ ನಂಬರಪ್ಲೇಟೇ ನಿಮ್ಮ ಜಾತಿಯಾಗುತ್ತದೆ. ಆಗ ಗುಡ್ಡ, ತಂಪು ಎಂದು ಹೊರಡಬೇಡಿರಿ, ಮನೆಯಲ್ಲಿರಿ. ಉಳಿದ ದಿನಗಳಲ್ಲಿ ಹೋಗಿರಿ, ಪನ್ಹಾಳ ನೋಡುವಂಥ ಜಾಗ.

ಅಕ್ಕನ ಬೋರಮಾಳ ಸಿಗಲಿಲ್ಲ. ಪಾಸಬುಕ್ಕಿನ ಎರಡನೆಯ ಪ್ರತಿ ಆ ನಕಲಿನ ಮೇಲೆಯೇ ಸಿಕ್ಕಿತು. ಅಂದು ಮನೆಗೆ ಬಂದ ಮೇಲೆ ಅವಳು ಆ ಕಾಗದವನ್ನು ನನ್ನ ಕೈಗೆ ಕೊಟ್ಟು ಕನ್ನಡದಲ್ಲಿ ಓದು ಎಂದಳು. ಓದಿದೆ. ಪೋಲೀಸರ ಬರವಣಿಗೆಯಲ್ಲಿ ಬಂಗಾರಕ್ಕೆ ಬಂಗಾರ ಎನ್ನುವುದಿಲ್ಲ, ಪರೀಕ್ಷೆ ಮಾಡದೆ ಹೇಗೆ ಹೇಳುವುದು ಎಂದು. “ಹಳದಿ ಲೋಹದ ಬೋರಮಾಳ ಒಂದು” ಎಂದಿತ್ತು. ಅಕ್ಕ ಕಳವಾದ ದಿನ ಕೂಡ ಅಷ್ಟು ಸಿಟ್ಟಾಗಿರಲಿಲ್ಲ. “ನಮ್ಮವ್ವ ಕೊಟ್ಟಿದ್ದು, ಹಳದಿ ಲೋಹ ಅಂತ ಯಾಂವ ಬರದಾಂವ? ತಿದ್ದಿಸಿಕೊಂಡು ಬಾ” ಎಂದು ಕಾಗದ ನನ್ನ ಮುಂದೆ ಒಗೆದಳು.